ಮೆಚ್ಚಿನ ಪುಸ್ತಕಗಳ ಪಟ್ಟಿಯ ಹಿಂದಿನ ಹನ್ನೆರಡು ತಿಂಗಳು

ಡಿಸೆಂಬರ್ ಕೊನೆಯ ವಾರದಲ್ಲಿ ಕೂತು, ಈ ವರ್ಷ ಓದಿದ್ದರಲ್ಲಿ ಯಾವುದು ಹಿಡಿಸಿತು ಎಂದು ಬರೀ ನೆನಪಿನ ಮೇಲೆ ಬರೆಯಲು ಹೊರಟರೆ ಸಿಗುವ ಪಟ್ಟಿ ಹೆಚ್ಚುಕಡಿಮೆ ಎಲ್ಲರದೂ ಒಂದೇ ಥರ. ಅಕ್ಟೋಬರಿನಿಂದ ಈಚೆಗೆ ಓದಿದ ನಾಲ್ಕು, ಗೆಳೆಯರ ಜೊತೆ ಹೆಚ್ಚು ಮಾತಾಡಿದ ಎರಡು, ಪ್ರಶಸ್ತಿಯ ಸುದ್ದಿಯಲ್ಲಿ ಮತ್ತೆ ಮತ್ತೆ ಕಿವಿಗೆ ಬಿದ್ದ ಒಂದು. ಫೆಬ್ರವರಿಯಲ್ಲಿ ಮುಗಿಸಿದ, ಮುಗಿಸಿದ ಮೇಲೆ ಎರಡು ದಿನ ಇನ್ನೊಂದು ಪುಸ್ತಕ ತೆರೆಯಲು ಮನಸ್ಸಾಗದಂತೆ ಮಾಡಿದ ನೂರಿಪ್ಪತ್ತು ಪುಟದ ಕಿರುಕಾದಂಬರಿ ಅದರಲ್ಲಿ ಇರುವುದಿಲ್ಲ. ಹೆಸರು ನೆನಪಿರುತ್ತದೆ, ಅದು ಓದಿದವರ ಮೇಲೆ ಮಾಡಿದ ಕೆಲಸ ಮಾಸಿಹೋಗಿರುತ್ತದೆ.

ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಮನೋವಿಜ್ಞಾನಿ ಅರ್ಥವಿಲ್ಲದ ಉಚ್ಚಾರಗಳನ್ನು ಬಾಯಿಪಾಠ ಮಾಡುತ್ತ ತನ್ನ ಮೇಲೆಯೇ ನಡೆಸಿದ ಪ್ರಯೋಗಗಳನ್ನು 1885ರಲ್ಲಿ ಪ್ರಕಟಿಸಿದ. ಮರೆವು ಮೊದಲ ದಿನವೇ ಭಾರೀ ವೇಗದಲ್ಲಿ ನಡೆದು ಆಮೇಲೆ ನಿಧಾನವಾಗುತ್ತದೆ ಎಂಬುದು ಅವನು ಕಂಡುಕೊಂಡದ್ದು. ಕಥೆಯಲ್ಲಿ ಅರ್ಥದ ಕೊಂಡಿಗಳಿರುವುದರಿಂದ ಅದು ಅಷ್ಟು ಬೇಗ ಅಳಿಯುವುದಿಲ್ಲ, ನಿಜ. ಆದರೆ ಒಂದು ಪುಸ್ತಕವನ್ನು ಅದೇ ವಿಷಯದ ಇನ್ನೊಂದು ಪುಸ್ತಕದಿಂದ ಬೇರೆ ಮಾಡುವ ಸಂಗತಿಗಳಿವೆಯಲ್ಲ, ಒಂದು ಪಾತ್ರ ಮಾತು ನುಂಗಿಕೊಂಡ ಕ್ಷಣ, ಅಧ್ಯಾಯ ನಿಂತ ಜಾಗ, ನಿರೂಪಕ ಸುಳ್ಳು ಹೇಳುತ್ತಿದ್ದಾನೆ ಎಂದು ಹೊಳೆದ ವಾಕ್ಯ, ಮೊದಲು ಹೋಗುವುದು ಅವೇ. ಉಳಿಯುವುದು ಕಥಾಸಾರ. ಕಥಾಸಾರದ ಮೇಲೆ ಪುಸ್ತಕವನ್ನು ತೂಗಲು ಆಗುವುದಿಲ್ಲ, ಏಕೆಂದರೆ ಒಳ್ಳೆಯ ಕಾದಂಬರಿಗೂ ಸಾಧಾರಣ ಕಾದಂಬರಿಗೂ ಸಾರ ಒಂದೇ ಇರಬಹುದು. ಹಾಗಾಗಿ ನಂಬಬಹುದಾದ ಪಟ್ಟಿ ಬೇಕಿದ್ದರೆ ಕೆಲಸ ವರ್ಷದ ಮೊದಲ ಪುಸ್ತಕದಿಂದಲೇ ಶುರುವಾಗಬೇಕು.

ಮೊದಲು ತೀರ್ಮಾನವಾಗಬೇಕಾದದ್ದು ‘ವರ್ಷ’ ಎಂದರೆ ಯಾವುದು ಎಂಬುದು. ಆ ವರ್ಷ ಪ್ರಕಟವಾದ ಪುಸ್ತಕಗಳೇ, ಆ ವರ್ಷ ಓದಿದ ಪುಸ್ತಕಗಳೇ? ಎರಡನ್ನೂ ಬೆರೆಸಿದ ಪಟ್ಟಿಗಳೇ ಹೆಚ್ಚು, ಅವುಗಳಿಂದ ಓದುಗರಿಗೆ ಉಪಯೋಗ ಕಡಿಮೆ. ಪ್ರಕಟಣೆಯ ವರ್ಷವನ್ನು ಹಿಡಿಯುವುದಾದರೆ ಪುಸ್ತಕದ ಹಕ್ಕುಗಳ ಪುಟ ತೆರೆದು ಮೊದಲ ಮುದ್ರಣ ಯಾವಾಗ, ಕೈಯಲ್ಲಿರುವುದು ಎಷ್ಟನೆಯ ಮುದ್ರಣ, ಪರಿಷ್ಕೃತ ಆವೃತ್ತಿಯೇ ಎಂದು ನೋಡಲೇಬೇಕು. ಐಎಸ್‌ಬಿಎನ್ ನೋಡಿ ಇದನ್ನು ಹೇಳಲಾಗದು. 2007ರ ಜನವರಿಯಿಂದ 13 ಅಂಕಿಗಳಾಗಿರುವ ಆ ಸಂಖ್ಯೆ ಒಂದು ಆವೃತ್ತಿಯ ಗುರುತು ಮಾತ್ರ. ಗಟ್ಟಿ ರಟ್ಟಿನದಕ್ಕೆ ಒಂದು, ಮೆದು ರಟ್ಟಿನದಕ್ಕೆ ಇನ್ನೊಂದು, ಇ-ಪುಸ್ತಕಕ್ಕೆ ಮತ್ತೊಂದು. ಐವತ್ತು ವರ್ಷ ಹಳೆಯ ಕೃತಿಗೂ ಹೊಸ ಸಂಖ್ಯೆ ಸಿಕ್ಕಿರುತ್ತದೆ. ಅನುವಾದಗಳಿಗೆ ಎರಡು ಇಸವಿ ಬರೆದಿಟ್ಟುಕೊಳ್ಳಬೇಕು, ಮೂಲದ್ದೊಂದು, ಅನುವಾದದ್ದೊಂದು.

ವರ್ಷ ಜನವರಿಯಲ್ಲೇ ಆರಂಭವಾಗಬೇಕೆಂಬ ಕಟ್ಟಳೆಯೇನೂ ಇಲ್ಲ. ಬೂಕರ್ ಪ್ರಶಸ್ತಿ ಪರಿಗಣಿಸುವ ಪುಸ್ತಕಗಳ ವರ್ಷ ಅಕ್ಟೋಬರ್ 1ರಿಂದ ಸೆಪ್ಟೆಂಬರ್ 30ರವರೆಗೆ. ಓದಿದ ಪುಸ್ತಕಗಳ ಪಟ್ಟಿಗೆ ಡಿಸೆಂಬರ್ 1ರಿಂದ ನವೆಂಬರ್ 30ರವರೆಗಿನ ವರ್ಷ ಇಟ್ಟುಕೊಳ್ಳುವುದು ನನ್ನ ಮಟ್ಟಿಗೆ ಅತ್ಯುತ್ತಮ. ಕಾರಣ ಒಂದೇ. ನವೆಂಬರ್ 30ಕ್ಕೆ ಮುಗಿದ ಪುಸ್ತಕಕ್ಕೂ ಪಟ್ಟಿ ಬರೆಯುವ ಹೊತ್ತಿಗೆ ಮೂವತ್ತು ದಿನ ತುಂಬಿರುತ್ತದೆ. ಆ ಮೂವತ್ತು ದಿನ ಯಾಕೆ ಮುಖ್ಯ ಎಂಬುದು ಮುಂದೆ ಬರುತ್ತದೆ.

ಓದಿನ ದಾಖಲೆಗೆ ಸಾದಾ ನೋಟುಬುಕ್ಕು ಸಾಕು. ಪ್ರತಿ ಪುಸ್ತಕಕ್ಕೆ ಎರಡು ಪುಟ ಬಿಡಬೇಕು, ಎಡಪುಟ ಮುಗಿಸಿದ ದಿನಕ್ಕೆ, ಬಲಪುಟ ಆಮೇಲಿನದಕ್ಕೆ. ಮೇಲ್ಗಡೆ ಲೇಖಕರು, ಅನುವಾದಕರು, ಪ್ರಕಾಶಕರು, ಇಸವಿಗಳು, ಒಟ್ಟು ಪುಟ, ಓದಲು ತೊಡಗಿದ ಮತ್ತು ಮುಗಿಸಿದ ತಾರೀಖು. ಇವೆಲ್ಲ ಎಲ್ಲರೂ ಬರೆಯುತ್ತಾರೆ. ಬರೆಯದೆ ಬಿಡುವುದು ಒಂದು ಸಂಗತಿಯನ್ನು: ಈ ಪುಸ್ತಕ ಕೈಗೆ ಬಂದದ್ದು ಹೇಗೆ? ಯಾರೋ ಹೊಗಳಿದ್ದಕ್ಕೋ, ಲೇಖಕರ ಹಿಂದಿನ ಪುಸ್ತಕ ಹಿಡಿಸಿದ್ದಕ್ಕೋ, ಪ್ರಕಾಶಕರು ಕಳಿಸಿದ್ದಕ್ಕೋ, ಗ್ರಂಥಾಲಯದ ಕಪಾಟಿನಲ್ಲಿ ಕಣ್ಣಿಗೆ ಬಿದ್ದದ್ದಕ್ಕೋ? ವರ್ಷದ ಕೊನೆಗೆ ಆ ಒಂದು ಕಲಂ ಓದಿದರೆ ಸಾಕು, ಓದು ಯಾರ ಕೈ ಹಿಡಿದು ನಡೆದಿದೆ ಎಂದು ಗೊತ್ತಾಗುತ್ತದೆ. ನಲವತ್ತರಲ್ಲಿ ಮೂವತ್ತು ಪುಸ್ತಕ ಒಂದೇ ಗುಂಪಿನ ಶಿಫಾರಸಿನಿಂದ ಬಂದಿದ್ದರೆ ಪಟ್ಟಿಯೂ ಆ ಗುಂಪಿನ ಪಟ್ಟಿಯೇ ಆಗುತ್ತದೆ.

ಎಡಪುಟದ ಟಿಪ್ಪಣಿಯನ್ನು ಮುಗಿಸಿದ ದಿನವೇ ಅಥವಾ ಮರುದಿನ ಬರೆಯಬೇಕು. ಎಂಟು ಹತ್ತು ಸಾಲು ಸಾಕು, ಆದರೆ ಪ್ರತಿ ಸಾಲಿನಲ್ಲೂ ಪುಟಸಂಖ್ಯೆ ಇರಬೇಕು. ‘ಭಾಷೆ ಸೊಗಸಾಗಿದೆ’ ಎಂದು ಬರೆದದ್ದು ಹತ್ತು ತಿಂಗಳ ಮೇಲೆ ಯಾವ ಕೆಲಸಕ್ಕೂ ಬರುವುದಿಲ್ಲ. ‘ಪುಟ 84: ತಾಯಿಯ ಸಾವನ್ನು ನೇರ ಹೇಳದೆ, ಅಡುಗೆಮನೆಯ ಪಾತ್ರೆಗಳ ಲೆಕ್ಕದ ಮೂಲಕ ಹೇಳಿದೆ’ ಎಂಬ ಸಾಲು ಬರುತ್ತದೆ. ಬೇಸರ ಬಂದ ಜಾಗವನ್ನೂ ಹೀಗೆಯೇ ಗುರುತಿಸಬೇಕು, ಯಾವ ಪುಟದಿಂದ ಯಾವ ಪುಟದವರೆಗೆ ಎಂದು. ಪುಸ್ತಕದ ಮಾತನ್ನು ಹಾಗೇ ಇಳಿಸಿಕೊಂಡರೆ ಉದ್ಧರಣ ಚಿಹ್ನೆಯನ್ನು ಆಗಲೇ ಹಾಕಬೇಕು. ಚಿಹ್ನೆಯಿಲ್ಲದೆ ಬರೆದಿಟ್ಟ ವಾಕ್ಯ ಆರು ತಿಂಗಳಲ್ಲಿ ನಮ್ಮದೇ ವಾಕ್ಯದಂತೆ ಕಾಣತೊಡಗುತ್ತದೆ. ಉದ್ದೇಶವಿಲ್ಲದೆಯೇ ಕೃತಿಚೌರ್ಯ ನಡೆಯುವ ದಾರಿಗಳಲ್ಲಿ ಇದೂ ಒಂದು. ಕೇಳುವ ಪುಸ್ತಕವಾದರೆ ಪುಟದ ಬದಲು ಅಧ್ಯಾಯ ಮತ್ತು ನಿಮಿಷ.

ಈಗ ಮೂವತ್ತು ದಿನದ ವಿಷಯ. ಮುಗಿಸಿ ಒಂದು ತಿಂಗಳಾದ ಮೇಲೆ, ಪುಸ್ತಕವನ್ನೂ ಎಡಪುಟವನ್ನೂ ನೋಡದೆ ಬಲಪುಟದಲ್ಲಿ ಬರೆಯಬೇಕು: ಕಣ್ಣಿಗೆ ಕಟ್ಟುವ ಮೂರು ದೃಶ್ಯ, ಒಬ್ಬ ಪಾತ್ರದ ಮಾತಿನ ಧಾಟಿ, ಒಂದು ವಾಕ್ಯ (ಹೆಚ್ಚುಕಡಿಮೆಯಾದರೂ ಸರಿ), ಪುಸ್ತಕ ಎತ್ತಿದ ಪ್ರಶ್ನೆ. ಹತ್ತು ನಿಮಿಷದ ಕೆಲಸ. ಆಮೇಲೆ ಎಡಪುಟದ ಜೊತೆ ಹೋಲಿಸಬೇಕು. ನಾಲ್ಕು ಬಗೆಯ ಫಲಿತಾಂಶ ಬರಬಹುದು. ಆ ದಿನವೂ ಮೆಚ್ಚಿದ್ದು, ಈಗಲೂ ಗಟ್ಟಿಯಾಗಿ ಉಳಿದದ್ದು: ಇದರಲ್ಲಿ ತಕರಾರಿಲ್ಲ. ಆ ದಿನವೂ ಸಪ್ಪೆ, ಈಗಲೂ ಸಪ್ಪೆ: ಇದರಲ್ಲೂ ಇಲ್ಲ. ತಿಳಿಯಬೇಕಾದದ್ದೆಲ್ಲ ಉಳಿದ ಎರಡರಲ್ಲಿದೆ.

ಮುಗಿಸಿದ ದಿನ ಉಕ್ಕಿ ಹರಿದ ಮೆಚ್ಚುಗೆ ತಿಂಗಳಲ್ಲಿ ಇಂಗಿಹೋಗಿದ್ದರೆ ಬಹಳ ಸಲ ಕಾರಣ ಕೊನೆಯ ಅಧ್ಯಾಯ. ಜೋರಾದ ತಿರುವು, ಎಲ್ಲ ಎಳೆಗಳನ್ನೂ ಒಂದೆಡೆ ಕಟ್ಟಿದ ಮುಕ್ತಾಯ, ಕಣ್ಣೀರು ತರಿಸುವ ಕೊನೆಯ ಪುಟ, ಇವು ಇಡೀ ಪುಸ್ತಕದ ಮೇಲೆ ಬೆಳಕು ಚೆಲ್ಲಿದಂತೆ ಅನಿಸಿಬಿಡುತ್ತವೆ. ಆದರೆ ನಡುವಿನ ಇನ್ನೂರು ಪುಟ ಬರೀ ಅಲ್ಲಿಗೆ ತಲುಪುವ ಹಾದಿಯಾಗಿದ್ದರೆ, ತಲುಪಿದ ಮೇಲೆ ಹಾದಿಗೆ ಕೆಲಸವಿರುವುದಿಲ್ಲ. ಇದಕ್ಕೆ ತದ್ವಿರುದ್ಧವಾಗಿ, ಓದುವಾಗ ಕಿರಿಕಿರಿ ಮಾಡಿದ, ಎಡಪುಟದಲ್ಲಿ ಬರೀ ದೂರುಗಳೇ ತುಂಬಿರುವ ಪುಸ್ತಕವೊಂದು ಬಲಪುಟದಲ್ಲಿ ಅರ್ಧ ಪುಟ ತುಂಬಿಸಿಬಿಡುತ್ತದೆ. ಅದು ನಮ್ಮ ಓದಿನ ಅಭ್ಯಾಸದ ವಿರುದ್ಧ ಬರೆದ ಪುಸ್ತಕವಾಗಿರಬಹುದು; ಅದಕ್ಕೆ ಹೊಂದಿಕೊಳ್ಳಲು ಮನಸ್ಸಿಗೆ ಅಷ್ಟು ದಿನ ಬೇಕಾಯಿತು. ವರ್ಷದ ನಿಜವಾದ ಮೆಚ್ಚಿನ ಪುಸ್ತಕ ಸಿಗುವುದು ಬಹುಪಾಲು ಈ ಗುಂಪಿನಲ್ಲಿ.

ಈ ಪರೀಕ್ಷೆ ದಾರಿ ತಪ್ಪಿಸುವುದೂ ಉಂಟು. ಏನೂ ಉಳಿದಿಲ್ಲ ಎಂದಾದರೆ ದೋಷ ಪುಸ್ತಕದ್ದೋ, ಓದಿನ ಅವಸರದ್ದೋ? ಎಂಟು ದಿನ ಮಲಗುವ ಮುಂಚೆ ಹದಿನೈದಿಪ್ಪತ್ತು ನಿಮಿಷದ ತುಣುಕುಗಳಲ್ಲಿ ಓದಿದ ಪುಸ್ತಕವನ್ನು ಎರಡು ಸಂಜೆ ಕೂತು ಓದಿದ ಪುಸ್ತಕದ ಜೊತೆ ಹೋಲಿಸುವುದು ಅನ್ಯಾಯ. ಆಗ ಪುಸ್ತಕದ ಸರಿಯಾಗಿ ನಡುಭಾಗ ತೆರೆದು ಇಪ್ಪತ್ತು ಪುಟ ಒಂದೇ ಬಾರಿಗೆ ಓದಬೇಕು. ಆರಂಭವನ್ನೂ ಕೊನೆಯನ್ನೂ ಲೇಖಕರು ಹತ್ತು ಸಲ ತಿದ್ದಿರುತ್ತಾರೆ. ನಡುವಿನಲ್ಲಿ ಸಿಗುವುದು ಅವರ ದಿನನಿತ್ಯದ ಕೈ. ಅಲ್ಲಿ ಸಂಭಾಷಣೆಯಲ್ಲಿ ಹೆಸರು ಮುಚ್ಚಿಟ್ಟು ಓದಿದರೂ ಯಾರ ಮಾತು ಎಂದು ತಿಳಿಯುತ್ತದೆಯೇ, ಒಂದು ಪ್ಯಾರಾ ಕಿತ್ತರೆ ಮುಂದಿನ ಪುಟಕ್ಕೆ ಏನಾದರೂ ನಷ್ಟವೇ, ವಿವರ ಆ ಪಾತ್ರದ ಕಣ್ಣಿಗೆ ಬಿದ್ದದ್ದೋ ಲೇಖಕರ ಸಂಶೋಧನೆಯ ಕಡತದಿಂದ ಉದುರಿದ್ದೋ, ಈ ಮೂರನ್ನು ನೋಡಿದರೆ ತೀರ್ಪು ಹೆಚ್ಚಾಗಿ ಸ್ಪಷ್ಟವಾಗುತ್ತದೆ.

ನಕ್ಷತ್ರಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಓದುಗರು ಪುಸ್ತಕಗಳಿಗೆ ನಕ್ಷತ್ರಗಳಲ್ಲಿ ಅಂಕ ಕೊಡುವ ಜಾಲತಾಣ ಗುಡ್‌ರೀಡ್ಸ್‌ನಲ್ಲಿ ಎರಡು ನಕ್ಷತ್ರಕ್ಕೆ ‘ಪರವಾಗಿಲ್ಲ’ ಎಂಬ ಅರ್ಥ, ಮೂರಕ್ಕೆ ‘ಇಷ್ಟವಾಯಿತು’. ಬೇರೆ ಕಡೆ ಎರಡು ನಕ್ಷತ್ರ ಎಂದರೆ ಕಳಪೆ. ಹೀಗಿರುವಾಗ ಸರಾಸರಿಗಳನ್ನು ಅಕ್ಕಪಕ್ಕ ಇಟ್ಟು ನೋಡುವುದರಿಂದ ಏನೂ ತಿಳಿಯುವುದಿಲ್ಲ. ಬಾಲಾಜ್ ಕೊವಾಚ್ ಮತ್ತು ಅಮಾಂಡ ಶಾರ್ಕಿ 2014ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಮುಂದೆ ಹೋಗುತ್ತದೆ. ಪ್ರಶಸ್ತಿ ಗೆದ್ದ ಮತ್ತು ಅಂತಿಮ ಪಟ್ಟಿಯಲ್ಲೇ ಉಳಿದ 64 ಇಂಗ್ಲಿಷ್ ಪುಸ್ತಕಗಳ 38,817 ಓದುಗ ವಿಮರ್ಶೆಗಳನ್ನು ಅವರು ಹೋಲಿಸಿದರು. ಪ್ರಶಸ್ತಿ ಬಂದ ಮೇಲೆ ಗೆದ್ದ ಪುಸ್ತಕಗಳ ಅಂಕಗಳೇ ಹೆಚ್ಚು ಕುಸಿದಿದ್ದವು. ಪುಸ್ತಕದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಬದಲಾದದ್ದು ಓದುಗ ಬಳಗ: ಬೇರೆ ರುಚಿಯವರೂ ಪ್ರಶಸ್ತಿಯ ಹೆಸರು ಕೇಳಿ ಕೈಗೆತ್ತಿಕೊಂಡರು. ಆದ್ದರಿಂದ ಪ್ರಶಸ್ತಿಗೆ ಮುಂಚೆ ಓದಿದೆವೋ ನಂತರವೋ ಎಂಬುದನ್ನೂ ಟಿಪ್ಪಣಿಯಲ್ಲಿ ಬರೆದಿಡುವುದು ಒಳ್ಳೆಯದು. ನಿರೀಕ್ಷೆ ಅಂಕವನ್ನು ಎರಡೂ ಕಡೆಗೆ ಎಳೆಯಬಲ್ಲದು.

ಅಂಕದ ಬದಲು ಪದಗಳನ್ನು ನಂಬಬಹುದು, ಕನ್ನಡದಲ್ಲಿ ಅದಕ್ಕೆ ಅನುಕೂಲವೂ ಇದೆ. ‘ಇಷ್ಟವಾಯಿತು’ ಎಂಬುದು ಒಲವಿನ ಮಾತು, ಅದಕ್ಕೆ ಕಾರಣ ಕೊಡಬೇಕಿಲ್ಲ. ‘ಮೆಚ್ಚಿದೆ’ ಎಂಬುದರಲ್ಲಿ ಒಂದು ತೀರ್ಮಾನ ಸೇರಿಕೊಂಡಿದೆ. ಇಷ್ಟವಿಲ್ಲದವರ ಬಗ್ಗೆಯೂ ‘ಅವರ ಧೈರ್ಯ ಮೆಚ್ಚಬೇಕು’ ಎನ್ನುತ್ತೇವಲ್ಲ, ಆ ಅರ್ಥದಲ್ಲಿ. ಮೆಚ್ಚಿನ ಪುಸ್ತಕ ಎಂದಾಗ ಎರಡೂ ಬೇಕು; ಒಲವೂ ಇರಬೇಕು, ಅದಕ್ಕೆ ಪುಟ ತೆರೆದು ತೋರಿಸಬಹುದಾದ ಕಾರಣವೂ ಇರಬೇಕು. ಸಾವಿರ ವರ್ಷದ ಹಿಂದೆ ಕಾಶ್ಮೀರದ ಕಾವ್ಯಮೀಮಾಂಸಕ ಅಭಿನವಗುಪ್ತ ಸಹೃದಯ ಎಂದರೆ ಯಾರು ಎಂದು ಹೇಳುವಾಗ, ಕಾವ್ಯವನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿ ಮನಸ್ಸಿನ ಕನ್ನಡಿ ತಿಳಿಯಾದವರು ಎಂದ. ತನ್ಮಯರಾಗುವ ಯೋಗ್ಯತೆಯನ್ನು ಅವನು ಆ ಅಭ್ಯಾಸದ ಫಲವೆಂದೇ ಎಣಿಸಿದ. ವಿಮರ್ಶೆ ಮಾಡುತ್ತ ಕೂತರೆ ಓದಿನ ಸುಖ ಕೆಡುತ್ತದೆ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ದಪ್ಪ ಪುಸ್ತಕಗಳ ವಿಷಯದಲ್ಲಿ ಬೇರೊಂದು ಎಚ್ಚರ ಬೇಕು. ಎಲಿಯಟ್ ಅರಾನ್ಸನ್ ಮತ್ತು ಜಡ್ಸನ್ ಮಿಲ್ಸ್ 1959ರ ಪ್ರಯೋಗವೊಂದರಲ್ಲಿ, ಒಂದು ಗುಂಪಿಗೆ ಸೇರಲು ಹೆಚ್ಚು ಮುಜುಗರ ಅನುಭವಿಸಿದವರು ಆ ಗುಂಪಿನ ನೀರಸ ಚರ್ಚೆಯನ್ನು ಉಳಿದವರಿಗಿಂತ ಹೆಚ್ಚು ಮೆಚ್ಚಿದರು ಎಂದು ತೋರಿಸಿದ್ದಾರೆ. ಎಂಟುನೂರು ಪುಟ ಮುಗಿಸಿದವರಿಗೂ ಇದು ಅನ್ವಯಿಸುತ್ತದೆ. ಅಷ್ಟು ಶ್ರಮ ವ್ಯರ್ಥವಾಯಿತೆಂದು ಒಪ್ಪಲು ಮನಸ್ಸು ತಯಾರಿರುವುದಿಲ್ಲ. ಟಿಪ್ಪಣಿಯಲ್ಲಿ ಗುರುತಿಸಿದ ಒಳ್ಳೆಯ ಜಾಗಗಳನ್ನು ಎಣಿಸಿ, ಅವು ಯಾವ ಪುಟಗಳಲ್ಲಿ ಬರುತ್ತವೆ ಎಂದು ನೋಡಿದರೆ ಈ ಮೋಸ ಹೊರಬೀಳುತ್ತದೆ. ಎಲ್ಲವೂ ಮೊದಲ ನೂರರಲ್ಲಿ ಮತ್ತು ಕೊನೆಯ ಐವತ್ತರಲ್ಲಿ ಇದ್ದರೆ ನಡುವೆ ಏನಾಯಿತು ಎಂದು ಕೇಳಲೇಬೇಕು.

ಅರ್ಧಕ್ಕೆ ಬಿಟ್ಟ ಪುಸ್ತಕಗಳನ್ನೂ ದಾಖಲಿಸಬೇಕು, ಬಿಟ್ಟ ಪುಟ ಮತ್ತು ಒಂದು ವಾಕ್ಯದ ಕಾರಣದ ಜೊತೆ. ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಅವರ ಐವತ್ತು ಪುಟದ ನಿಯಮ ಪ್ರಸಿದ್ಧ: ಐವತ್ತು ಪುಟ ಓದಿಯೂ ಹಿಡಿಸದಿದ್ದರೆ ಬಿಡಿ, ವಯಸ್ಸು ಐವತ್ತು ದಾಟಿದ್ದರೆ ನೂರರಿಂದ ವಯಸ್ಸನ್ನು ಕಳೆದು ಉಳಿದಷ್ಟು ಪುಟ ಓದಿ. ಒಳ್ಳೆಯ ನಿಯಮ, ಆದರೆ ನಿಧಾನವಾಗಿ ಲೋಕ ಕಟ್ಟುವ ಕಾದಂಬರಿಗೆ ಕಠಿಣ. ಬಿಡುವ ಮುಂಚೆ ನಡುವಿನ ಹತ್ತು ಪುಟ ಓದಿ ನೋಡುವುದು ನ್ಯಾಯ. ಅಲ್ಲಿಯೂ ಅದೇ ತೊಂದರೆ ಕಂಡರೆ ಬಿಡಬಹುದು. ‘ಈಗ ಬೇಡ’ ಮತ್ತು ‘ಯಾವಾಗಲೂ ಬೇಡ’ ಎಂಬ ಎರಡು ಗುರುತು ಬೇರೆ ಬೇರೆ ಇರಲಿ.

ಎಲ್ಲ ಪ್ರಕಾರಕ್ಕೂ ಒಂದೇ ಓದು ಸಲ್ಲದು. ಕವನ ಸಂಕಲನವನ್ನು ಒಂದೇ ಸಂಜೆಗೆ ಮುಗಿಸಿದರೆ ಮೂವತ್ತನೆಯ ಕವಿತೆಯ ಹೊತ್ತಿಗೆ ಕಿವಿ ಮಂದವಾಗಿ ಎಲ್ಲವೂ ಒಂದೇ ಲಯದಲ್ಲಿ ಕೇಳಿಸುತ್ತವೆ. ದಿನಕ್ಕೆ ನಾಲ್ಕೈದು, ಒಮ್ಮೆ ಮನಸ್ಸಿನಲ್ಲಿ, ಒಮ್ಮೆ ದನಿಯೆತ್ತಿ. ಕಥಾಸಂಕಲನವಾದರೆ ದಿನಕ್ಕೆ ಎರಡಕ್ಕಿಂತ ಹೆಚ್ಚು ಬೇಡ, ಏಕೆಂದರೆ ಮೂರನೆಯ ಕಥೆಯ ಹುಡುಗಿಯಲ್ಲಿ ಮೊದಲನೆಯ ಕಥೆಯ ಹುಡುಗಿ ಬೆರೆಯುತ್ತಾಳೆ. ತಿಂಗಳ ಮೇಲೆ ಶೀರ್ಷಿಕೆಗಳನ್ನಷ್ಟೇ ನೋಡಿ ಹನ್ನೆರಡರಲ್ಲಿ ಎಷ್ಟು ಕಥೆ ಎದ್ದು ಬರುತ್ತವೆ ಎಂದು ಎಣಿಸಬೇಕು. ಐದು ಬಂದರೆ ಅದು ದೊಡ್ಡ ಸಂಕಲನ.

ಕಥೇತರ ಕೃತಿಗಳಲ್ಲಿ ಮೆಚ್ಚುಗೆಗಿಂತ ಮೊದಲು ಪರಿಶೀಲನೆ ಬರಬೇಕು. ಪುಸ್ತಕದ ಮುಖ್ಯ ವಾದವನ್ನು ಹೊತ್ತಿರುವ ಮೂರು ಹೇಳಿಕೆ ಆರಿಸಿ, ಅಡಿಟಿಪ್ಪಣಿ ಹಿಡಿದು ಮೂಲದವರೆಗೆ ಹೋಗಬೇಕು. ಟಿಪ್ಪಣಿ ತೋರಿಸುವ ಮೂಲ ಇನ್ನೊಂದು ಜನಪ್ರಿಯ ಪುಸ್ತಕವಾಗಿದ್ದರೆ, ಅಥವಾ ಮೂಲದಲ್ಲಿ ‘ಇರಬಹುದು’ ಎಂದಿದ್ದು ಇಲ್ಲಿ ‘ಇದೆ’ ಎಂದಾಗಿದ್ದರೆ, ಉಳಿದ ಹೇಳಿಕೆಗಳನ್ನೂ ಹಾಗೇ ನಂಬಲಾಗದು. ಇನ್ನೊಂದು ಸುಲಭ ಪರೀಕ್ಷೆ: ಪದಸೂಚಿಯಲ್ಲಿ ನಮಗೆ ಚೆನ್ನಾಗಿ ಗೊತ್ತಿರುವ ಒಂದು ವಿಷಯ ಹುಡುಕಿ ಆ ಪುಟಗಳನ್ನು ಮೊದಲು ಓದುವುದು. ನಮಗೆ ಗೊತ್ತಿರುವಲ್ಲಿ ತಪ್ಪಿದವರು ಗೊತ್ತಿಲ್ಲದ ಕಡೆ ಸರಿಯಿರುತ್ತಾರೆಂದು ಭಾವಿಸಲು ಕಾರಣವಿಲ್ಲ. ಪದಸೂಚಿಯೇ ಇಲ್ಲದ ನಾನೂರು ಪುಟದ ಇತಿಹಾಸ ಗ್ರಂಥವನ್ನು ಮೆಚ್ಚಿನ ಪಟ್ಟಿಗೆ ಸೇರಿಸುವುದಾದರೆ ಆ ಕೊರತೆಯನ್ನು ಬಾಯಿಬಿಟ್ಟು ಹೇಳಬೇಕು.

ಅನುವಾದದ ಮಾತೇ ಬೇರೆ. ಮೂಲಭಾಷೆ ಗೊತ್ತಿದ್ದರೆ ಎರಡು ಪುಟ ಪಕ್ಕಪಕ್ಕ ಇಟ್ಟು ಬೈಗುಳ, ತಮಾಷೆ, ನಂಟಿನ ಕರೆಗಳು ಹೇಗೆ ದಾಟಿವೆ ಎಂದು ನೋಡಬಹುದು. ಅನುವಾದಕರ ಆಯ್ಕೆ ಎದ್ದು ಕಾಣುವುದು ಅಲ್ಲೇ. ಗೊತ್ತಿಲ್ಲದಿದ್ದರೂ ಒಂದು ಕುರುಹು ಸಿಗುತ್ತದೆ: ಮುದುಕಿ, ಮಗು, ಪೊಲೀಸು, ಪುರೋಹಿತ ಎಲ್ಲರೂ ಒಂದೇ ಶಿಷ್ಟ ಭಾಷೆಯಲ್ಲಿ ಮಾತಾಡುತ್ತಿದ್ದರೆ ಎಲ್ಲೋ ಏನೋ ಸೋರಿಹೋಗಿದೆ. ಅಂತರರಾಷ್ಟ್ರೀಯ ಬೂಕರ್ 50,000 ಪೌಂಡುಗಳನ್ನು ಲೇಖಕರಿಗೂ ಅನುವಾದಕರಿಗೂ ಸಮನಾಗಿ ಹಂಚುತ್ತದೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅದು ಬಂದಾಗ ಕಥಾಸಂಕಲನವೊಂದಕ್ಕೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು. ಹಲವು ದಶಕಗಳ ಬರವಣಿಗೆಯಿಂದ ಆ ಹನ್ನೆರಡು ಕಥೆಗಳನ್ನು ಆರಿಸಿದ್ದು ಅನುವಾದಕಿ ದೀಪಾ ಭಾಸ್ತಿ. ಇಂಥ ಕಡೆ ಅನುವಾದಕರು ಪುಸ್ತಕದ ಆಕಾರಕ್ಕೂ ಹೊಣೆ. ಪಟ್ಟಿಯಲ್ಲಿ ಅವರ ಹೆಸರು ಬಿಟ್ಟರೆ ಪುಸ್ತಕದ ಅರ್ಧ ಬಿಟ್ಟ ಹಾಗೆ.

ಡಿಸೆಂಬರ್ ಕೊನೆಗೆ ಎಲ್ಲ ಬಲಪುಟಗಳನ್ನೂ ಒಮ್ಮೆ ಓದಿದರೆ ನಲವತ್ತು ಪುಸ್ತಕ ಹನ್ನೆರಡಕ್ಕೆ ಇಳಿಯುವುದು ಕಷ್ಟವಲ್ಲ. ಹನ್ನೆರಡರಿಂದ ಮುಂದೆ ಕಷ್ಟ. ಆಗ ಎರಡೆರಡೇ ಪುಸ್ತಕಗಳನ್ನು ಎದುರುಬದುರು ಇಟ್ಟು ಕೇಳಬೇಕು: ಒಂದನ್ನು ಮಾತ್ರ ಮತ್ತೆ ಓದಲು ಅವಕಾಶವಿದ್ದರೆ ಯಾವುದು? ಹನ್ನೆರಡಕ್ಕೆ 66 ಜೋಡಿ, ಜೋಡಿಗೆ ಒಂದು ನಿಮಿಷವಾದರೆ ಒಂದು ಗಂಟೆ ಆರು ನಿಮಿಷ. ಪ್ರತಿ ಗೆಲುವಿಗೆ ಒಂದು ಗೆರೆ ಎಳೆದರೆ ಸಾಕು. ನಡುನಡುವೆ ಒಂದು ಸೋಜಿಗ ಕಾಣುತ್ತದೆ. ಮೊದಲನೆಯದು ಎರಡನೆಯದಕ್ಕಿಂತ ಮೇಲು, ಎರಡನೆಯದು ಮೂರನೆಯದಕ್ಕಿಂತ ಮೇಲು, ಆದರೆ ಮೂರನೆಯದು ಮೊದಲನೆಯದಕ್ಕಿಂತ ಮೇಲು! ಗುಂಪಿನ ಮತದಾನದಲ್ಲಿ ಹೀಗಾಗುವುದನ್ನು ಫ್ರಾನ್ಸಿನ ಗಣಿತಜ್ಞ ಕೊಂಡೋರ್ಸೆ 1785ರಲ್ಲೇ ತೋರಿಸಿದ್ದ. ಒಬ್ಬರ ಮನಸ್ಸಿನಲ್ಲಿ ಹೀಗಾದರೆ, ಒಂದೊಂದು ಜೋಡಿಯನ್ನು ಒಂದೊಂದು ಅಳತೆಯಿಂದ ತೂಗಿದ್ದೇವೆ ಎಂದರ್ಥ. ಒಂದು ಕಡೆ ಭಾಷೆ ಗೆದ್ದಿದೆ, ಇನ್ನೊಂದು ಕಡೆ ರಚನೆ, ಮತ್ತೊಂದು ಕಡೆ ವಿಷಯದ ಗುರುತ್ವ. ಅಲ್ಲಿ ನಿಂತು ಆ ಅಳತೆಗಳನ್ನು ಬರೆದುಕೊಳ್ಳಬೇಕು. ಪಟ್ಟಿಯ ಟಿಪ್ಪಣಿಗಳಿಗೆ ಬೇಕಾದ ಮಾತು ಸಿಗುವುದು ಅಲ್ಲಿಂದಲೇ. ಕವಿತೆಯನ್ನು ಇತಿಹಾಸದ ಜೊತೆ ಜೋಡಿ ಮಾಡಬಾರದು. ಕೊನೆಯ ಪಟ್ಟಿಗೆ ಒಂದು, ಎರಡು, ಮೂರು ಎಂಬ ಅಂಕಿಯೂ ಬೇಡ. ಏಳು ಪುಸ್ತಕ ಉಳಿದರೆ ಏಳು, ನಾಲ್ಕೇ ಉಳಿದರೆ ನಾಲ್ಕು. ಹತ್ತು ಮಾಡಲೆಂದು ಮೂರನ್ನು ತುಂಬಿಸಿದ ಪಟ್ಟಿಯಲ್ಲಿ ಆ ಮೂರು ಯಾವುವೆಂದು ಓದುಗರಿಗೆ ಗೊತ್ತಾಗಿಯೇ ಆಗುತ್ತದೆ.

ಪ್ರತಿ ಪುಸ್ತಕಕ್ಕೆ ನೂರೈವತ್ತು ಪದ ಸಾಕು. ಕಥೆಯ ಮೊದಲ ಕಾಲುಭಾಗ ದಾಟಿ ಏನನ್ನೂ ಬಿಟ್ಟುಕೊಡಬಾರದು. ಪುಸ್ತಕ ಏನು ಮಾಡಲು ಹೊರಟಿದೆ, ಅದು ನೆರವೇರಿದ ಒಂದು ನಿರ್ದಿಷ್ಟ ಜಾಗ, ಎಡವಿದ ಒಂದು ಜಾಗ, ಯಾರಿಗೆ ಇದು ಹಿಡಿಸಲಾರದು, ಇಷ್ಟು ಇರಬೇಕು. ಎಡವಿದ ಜಾಗ ಹೇಳಲು ಹಿಂಜರಿಯುವವರೇ ಹೆಚ್ಚು, ಆದರೆ ಉಳಿದ ಹೊಗಳಿಕೆಯನ್ನು ಓದುಗರು ನಂಬುವುದು ಆ ಒಂದು ಸಾಲಿನ ಬಲದಿಂದ. ‘ಹೃದಯಸ್ಪರ್ಶಿ’, ‘ಓದಲೇಬೇಕಾದ’, ‘ಕೆಳಗಿಡಲಾಗದ’ ಎಂಬ ಬೆನ್ನುಡಿಯ ಪದಗಳು ಬಂದ ಕಡೆಯಲ್ಲೆಲ್ಲ ಅವನ್ನು ಹೊಡೆದು ಪುಟಸಂಖ್ಯೆಯ ಟಿಪ್ಪಣಿಗೆ ಮರಳಬೇಕು. ಉದ್ಧರಿಸಿದ ವಾಕ್ಯವನ್ನು ನೋಟುಬುಕ್ಕಿನಿಂದ ಇಳಿಸದೆ ಪುಸ್ತಕ ತೆರೆದು ಅಕ್ಷರಕ್ಕೆ ಅಕ್ಷರ ತಾಳೆ ನೋಡಬೇಕು. ಲೇಖಕರು ಪರಿಚಿತರಾಗಿದ್ದರೆ, ಪ್ರತಿ ಉಚಿತವಾಗಿ ಬಂದಿದ್ದರೆ, ಕರಡು ಹಂತದಲ್ಲೇ ಓದಿ ಸಲಹೆ ಕೊಟ್ಟಿದ್ದರೆ ಆ ಪುಸ್ತಕದ ಕೆಳಗೇ ಹೇಳಬೇಕು, ಪಟ್ಟಿಯ ಕೊನೆಗೆ ಒಟ್ಟಾಗಿ ಅಲ್ಲ.

ಪಟ್ಟಿ ಹೊರಬಂದ ಮೇಲೂ ನೋಟುಬುಕ್ಕಿನಲ್ಲಿ ಕೆಲಸ ಉಳಿದಿರುತ್ತದೆ. ಜನವರಿಯಲ್ಲಿ ಹಿಂದಿನ ವರ್ಷದ ಪಟ್ಟಿಯಿಂದ ಎರಡು ಪುಸ್ತಕ ತೆಗೆದು ಪೂರ್ತಿ ಮರುಓದಬೇಕು. ತುಂಬಾ ಮೆಚ್ಚಿದ ಒಂದು, ಅನುಮಾನದಲ್ಲೇ ಸೇರಿಸಿದ ಒಂದು. ಬಲಪುಟದ ಕೆಳಗೆ ಹೊಸ ತಾರೀಖು ಹಾಕಿ ಬರೆಯಬೇಕು. ತೀರ್ಪು ಬದಲಾಗಿದ್ದರೆ ಹಳೆಯದನ್ನು ಅಳಿಸಬಾರದು, ಗೆರೆಯೆಳೆದು ಕೆಳಗೆ ಹೊಸದನ್ನು ಬರೆದರೆ ಸಾಕು. ಎರಡೂ ಓದಲು ಸಿಗುವಂತಿರಬೇಕು.